ಕಪ್ಪು ತಂತಿ

ಖಸಬ್ ಬಂದರಿನಲ್ಲಿ ಮಧ್ಯಾಹ್ನ ಎರಡು.
ನಾಖುದಾ ಖಮೀಸನ ದೋಣಿಯಲ್ಲಿ
ಡೋಲು ಬಡಿದಾಗಲೆಲ್ಲ ಹಾಡು ಸಾಯುತ್ತದೆ,
ತುಸು ತಡೆದು, ನಾಚಿಕೊಂಡಂತೆ, ಮತ್ತೆ ಹುಟ್ಟುತ್ತದೆ.

‘ಸ್ಟೀರಿಯೊನೇ ಬದಲಿಸು’ ಅನ್ನುತ್ತಾನೆ.
ತಡಿ ಮಾರಾಯ, ಮೊದಲು ಮೀಟರು.

ಬ್ಯಾಟರಿಯಲ್ಲಿ ಹನ್ನೆರಡೂವರೆ.
ಫ್ಯೂಸು ಸರಿ. ಕೆಂಪು ತಂತಿ
ಕೊನೆಯವರೆಗೂ ಸರಿ.
ಆದರೂ ಸ್ಟೀರಿಯೊದ ಬೆನ್ನಲ್ಲಿ, ಡೋಲಿನ ಹೊತ್ತಿಗೆ,
ಒಂಬತ್ತು.

ಟಾರ್ಚು ಹಲ್ಲಲ್ಲಿ ಕಚ್ಚಿ
ಡೀಸೆಲ್ಲೂ ಹಳೇ ಮೀನೂ ನಾರುವ ತಳದಲ್ಲಿ
ಕಪ್ಪು ತಂತಿಯ ಬೆನ್ನು ಹಿಡಿದು ತೆವಳಿದೆ:
ಹೋದ ಕರೆಂಟು ಮರಳಿ ಬರುವ ದಾರಿ,
ಯಾರೂ ನೋಡದ್ದು.
ತುದಿಯ ಉಂಗುರದ ತುಂಬ ಹಸಿರು ಹಿಟ್ಟು.
ಉಪ್ಪು ತಿಂದದ್ದು ತಾಮ್ರ,
ನೀರು ಕುಡಿಯುತ್ತಿರುವವನು ನಾನು,
ಇದು ಮೂರನೇ ಬಾಟಲಿ.

ಕತ್ತರಿಸಿ, ಕೆರೆದು, ಹೊಸ ಉಂಗುರ ಒತ್ತಿ
ಗ್ರೀಸು ಹಚ್ಚಿದೆ.
ಡೋಲು ಬಡಿಯಿತು. ಹಾಡು ಸಾಯಲಿಲ್ಲ.
ಎದುರಿನ ಬೋಳುಗುಡ್ಡ
ಅರ್ಧ ಸಾಲು ತಡವಾಗಿ ದನಿಗೂಡಿಸಿತು.

‘ಬರೀ ಒಂದು ತಂತಿಗೆ ಐದು ರಿಯಾಲೇ?’
ಮೂರಕ್ಕಿಳಿದೆವು.

ಬೆರಳಿನ ಹಸಿರು ಸೋಪಿಗೆ ಹೋಗುತ್ತಿಲ್ಲ.
ತಿಂಗಳು ತಿಂಗಳು ಕಳಿಸಿದ್ದು
ಗಂಗೊಳ್ಳಿ ಮುಟ್ಟುತ್ತಿದೆ, ರಸೀದಿ ಇದೆ.
ಆ ಕಡೆಯ ತಂತಿ ಸರಿ.