ಚಕ್ಕೆಯ ಲಾರಿ

ಗಿರಣಿಯ ಕೊಟ್ರಬಸಪ್ಪನಿಗೆ ಹೇಳಿಯೇ ಕೊಟ್ಟಿದ್ದೆ:
ಕಾಲು ಕಿಲೋ ಚಕ್ಕೆ, ನುಣ್ಣಗೆ,
ಮೊದಲು ಒಂದು ಹಿಡಿ ಅಕ್ಕಿ ಹಾಕಿ ಕಲ್ಲು ಚೊಕ್ಕ ಮಾಡ್ರಿ ಅಂತ.
ಅವನ ಕಿವಿಯಲ್ಲಿ ಫೋನು.
ನನ್ನ ಮುಂದಿನವರದು ಎರಡು ಕಿಲೋ ಬ್ಯಾಡಗಿ.

ಪುಡಿ ಬಂತು, ತುಸು ಕೆಂಪಗೆ.
ಚಕ್ಕೆಯ ಬಣ್ಣವೇ ಹಾಗಿರಬೇಕು ಅಂದುಕೊಂಡೆ.

ನಿಟ್ಟುವಳ್ಳಿಯ ನಮ್ಮ ಹಿತ್ತಲಲ್ಲಿ ಏಳು ಮಕ್ಕಳು,
ಚರ್ಚಿನವು ನಾಲ್ಕು, ಓಣಿಯವು ಮೂರು.
ಹಳೇ ಚಾಪೆ, ಲಟ್ಟಣಿಗೆ, ನನ್ನ ಎರಡು ಬಳೆ,
ಕೊಂಡಜ್ಜಿ ಕಡೆಯ ಬೇಲದ ಹಣ್ಣು ಒಂದು ಬುಟ್ಟಿ.
ಸೇಬು ಬೇಯಿಸಿ ಕಲಸಬೇಕಂತೆ, ಬೇರೆ ಊರುಗಳಲ್ಲಿ ಹಾಗಂತೆ.
ಕಿಲೋಗೆ ಇನ್ನೂರರ ಸೇಬನ್ನು ಕೊಂಬೆಗೆ ತೂಗಲು
ನನ್ನ ನರ್ಸ್ ಪೆನ್ಷನ್ ಒಪ್ಪುವುದಿಲ್ಲ.
ಬೇಲದ ತಿರುಳಿಗೆ ಅಂಟೂ ಇದೆ, ಗಮಲೂ ಇದೆ,
ಕಲ್ಲಿಗೆ ಕುಕ್ಕಿ ಒಡೆಯುವ ಸುಖವೂ ಇದೆ.
ಅದಕ್ಕೇ ಮೊದಲ ಜಗಳ.

ಮೈದಾ, ಉಪ್ಪು, ತಿರುಳು, ಆ ಪುಡಿ.
ಹದಿನಾಲ್ಕು ಕೈ ಒಂದೇ ಪರಾತದಲ್ಲಿ.

ಮೊದಲು ಸೀನಿದ್ದು ತಬಿತಾ.
ಆಮೇಲೆ ಯೋನ, ಅವನ ಬೆನ್ನಿಗೆ ಅವನ ತಂಗಿ,
ಕಣ್ಣುಜ್ಜಿಕೊಂಡವರನ್ನು ನಲ್ಲಿಗೆ ಓಡಿಸಿ
ಪರಾತಕ್ಕೆ ಮೂಗಿಟ್ಟು ನಾನೂ ಸೀನಿದೆ.
ಚೆಲ್ಲಿಬಿಡೋಣ ಅಂದರೆ ಒಬ್ಬರೂ ಒಪ್ಪಲಿಲ್ಲ.
'ಖಾರದ ನಕ್ಷತ್ರ ಯಾರ ಮನ್ಯಾಗೂ ಇರಲ್ಲ ಆಂಟಿ,'
ಅಂದಳು ಗುಲ್ನಾಜ್, ಮೂಗು ತೋಳಿಗೆ ಒರೆಸುತ್ತ.
ಸರಿ, ಅಂಗೈಗೆಲ್ಲ ಕೊಬ್ಬರಿ ಎಣ್ಣೆ ಸವರಿದೆ.

ಬಳೆಯೊತ್ತಿ ಚಂದ್ರ, ಚಾಕುವಿನಲ್ಲಿ ನಕ್ಷತ್ರ,
ದೇವದೂತನಿಗೆ ಲವಂಗದ ಕಣ್ಣು
(ಒಬ್ಬನಿಗೆ ಮೂರು ಬಿದ್ದವು, ತೆಗೆಯಲು ಬಿಡಲಿಲ್ಲ).
ನೇತುಹಾಕಲು ಪೊರಕೆ ಕಡ್ಡಿಯಿಂದ ಒಂದೊಂದು ತೂತು.
ಯೋನ ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತಿದ್ದ.
ಬಗ್ಗಿ ನೋಡಿದರೆ ಲಾರಿ,
ಆರು ಲವಂಗ, ಆರು ಗಾಲಿ.

'ಬೆತ್ಲೆಹೇಮಿಗೆ ಲಾರಿ ಹೋಗಿರಲಿಲ್ಲ ಕಣೋ!'
'ಹಂಗಾರೆ ಗೋದಲಿಗೆ ಹುಲ್ಲು ಯಾರು ತಂದ್ರು?'
ಭಾನುವಾರದ ಪಾಠ ಹೇಳುತ್ತ ಹನ್ನೊಂದು ವರ್ಷ,
ಹುಲ್ಲಿನ ಬಾಡಿಗೆಯ ಲೆಕ್ಕ
ನನ್ನನ್ನು ಯಾರೂ ಕೇಳಿರಲಿಲ್ಲ.

ನಮ್ಮಲ್ಲಿ ಓವನ್ ಇಲ್ಲ. ಡಿಸೆಂಬರಿನ ಬಿಸಿಲಿಗೆ ಜೀವವಿಲ್ಲ.
ಗುಲ್ನಾಜಳ ಅಜ್ಜನ ಮಂಡಕ್ಕಿ ಭಟ್ಟಿಗೆ
ತಲೆಯ ಮೇಲೆ ತಟ್ಟೆ ಹೊತ್ತು ಮೆರವಣಿಗೆ.
ಮರಳು ಹುರಿದು ಸುಸ್ತಾದ ಒಲೆಯ ದಂಡೆಯಲ್ಲಿ
ಜಾಗ ಮಾಡಿಕೊಟ್ಟರು ಬಾಬಾಜಾನ್ ಸಾಬರು:
'ರಾತ್ರಿ ಇರ್ಲಿ ಬಿಡಮ್ಮ. ಬೆಳಿಗ್ಗೆ ಅನ್ನೋದ್ರಾಗೆ ಕಲ್ಲು.'

ಬೆಳಿಗ್ಗೆ ಕಲ್ಲೇ.
ಮೂಸಿದರೆ ಚಕ್ಕೆ, ಅದರ ಹಿಂದೆ ಬೇಲ,
ಅದರ ಹಿಂದೆ ಹೊಟ್ಟಿನ ಹೊಗೆ, ಬೆಚ್ಚಗಿನ ಅಕ್ಕಿ,
ಕೊನೆಯಲ್ಲಿ, ಮೂಗಿನ ಮೇಲ್ಗಡೆ ಎಲ್ಲೋ, ಬ್ಯಾಡಗಿ.

ದಾರಕ್ಕೆ ಅಪ್ಪನ ಕಂಡಿಕೆ ಬಿಚ್ಚಿದೆ.
ಕಾಟನ್ ಮಿಲ್ಲಿನ ಕೊನೆಯ ಪಾಳಿಯ ದಿನ
ಊಟದ ಡಬ್ಬಿಯೊಳಗಿಟ್ಟು ತಂದದ್ದು.
ಕದ್ದದ್ದೋ, ಕೊಟ್ಟದ್ದೋ, ಅವರು ಹೇಳಲಿಲ್ಲ.
ಇನ್ನೂ ಬಿಳಿ. ಇನ್ನೂ ಗಟ್ಟಿ.

ಬಣ್ಣದ ಡಬ್ಬಿಯಲ್ಲಿ ನಿಂತ ಸರ್ವೆ ಕೊಂಬೆ
ಚರ್ಚಿನ ಬಾಗಿಲ ಪಕ್ಕದಲ್ಲಿ.
ಅಯ್ಯನವರ ಪ್ರಾರ್ಥನೆ ಉದ್ದವಾಯಿತು,
ಬಾಗಿಲಿಂದ ಥಂಡಿ ಗಾಳಿ ನುಗ್ಗಿತು,
ಮುಂದಿನ ಸಾಲು ಪೂರ್ತಿ ಸೀನಿತು.
ಹಿಂದಿನವರು ಮುಗಿಯಿತೆಂದುಕೊಂಡು ಆಮೆನ್ ಅಂದರು.

ಯೋನನ ಅಪ್ಪ ದೇವದಾನ
ಮೆಕ್ಕೆಜೋಳ ಇಳಿಸಿ ನಾಮಕ್ಕಲ್ಲಿನಿಂದ ಬಂದದ್ದು ಇಪ್ಪತ್ತೇಳಕ್ಕೆ.
ಕೊಂಬೆಯಲ್ಲಿ ಅಷ್ಟು ಹೊತ್ತಿಗೆ ಚಂದ್ರ ಎರಡೇ ಉಳಿದಿದ್ದವು,
ದೂತರ ರೆಕ್ಕೆಗೆ ಇರುವೆ.
ಲಾರಿ ಮಾತ್ರ ಯೋನನ ಜೇಬಿನಲ್ಲಿತ್ತು.

ದೊಡ್ಡ ಲಾರಿಯ ಕನ್ನಡಿಗೆ ಚಿಕ್ಕ ಲಾರಿ ಕಟ್ಟಿದ.
ಕ್ಲೀನರ್ ಬಸ್ಯಾ ನಿಂಬೆಹಣ್ಣು ಮೆಣಸಿನಕಾಯಿ ಹಿಡಿದು ಬಂದರೆ
'ಇದ್ರಾಗೆ ಮೆಣಸಿನಕಾಯಿ ಐತಿ,
ನಿಂಬೆಹಣ್ಣು ಒಂದೇ ಕಟ್ಟು' ಅಂದ.

ಮುಂದಿನ ಸುತ್ತು ಮುಗಿಸಿ ಬಂದಾಗ ಐದೇ ಗಾಲಿ.
ತುಮಕೂರು ದಾಟಿದ ಮೇಲೆ
ಬಸ್ಯಾನಿಗೆ ದವಡೆ ಹಲ್ಲು ನೋವು ಬಂದು
ಒಂದನ್ನು ಕಿತ್ತು ಕಚ್ಚಿಕೊಂಡನಂತೆ.