ನೀರು ಬಂದಾವು

ನಕಾಶೆಯಲ್ಲಿ ಅದು ಉಗುರು ತಾಗಿದ ಗೀರು.
ದೊಡ್ಡ ಕಾಲುವೆಯ ಪಕ್ಕೆಯಿಂದ ಹೊರಬಿದ್ದು
ಸಿಂಧನೂರಿನ ದಾರಿ ದಾಟಿ, ಎರಡೂವರೆ ಮೈಲಿ ನಡೆದು
ಕಲ್ಲದಿನ್ನಿಯ ಎರೆಹೊಲದಲ್ಲಿ ಸುಮ್ಮನಾಗುತ್ತದೆ.
ಇಲಾಖೆಯವರು ಅಂಕಿ ಇಟ್ಟರು, ಅಂಕಿಗೊಂದು ಬಾಲ: ಏಳು, ಬಾರ್ ಎರಡು.
ಊರಿಗೆ ಮಾತ್ರ ಅದು ಸುಂಕ್ಲಮ್ಮನ ಕಾಲುವೆ.

ಮೊದಲ ಮೈಲಿಗಲ್ಲು ದಾಟಿದ ಮೇಲೆ ಕಾರಣವಿಲ್ಲದೆ ಬಾಗುತ್ತದೆ,
ಮೊಳಕೈ ಮಡಚಿದಂತೆ.
ದಫ್ತರಿನಲ್ಲಿ ಬರೆದದ್ದು: ಗಟ್ಟಿ ಬಂಡೆ ಅಡ್ಡ ಬಂದದ್ದರಿಂದ.
ಎಲ್ಲಿಯ ಬಂಡೆ? ಈ ಸೀಮೆಯಲ್ಲಿ ಆಳುದ್ದ ಅಗೆದರೂ
ಕರಿಮಣ್ಣು, ಅದರ ಕೆಳಗೆ ಗರಸು.

ನಮ್ಮವರು ಮಣ್ಣೊಡ್ಡರು. ದಫ್ತರಿಗಿಂತ ನಮ್ಮ ಬೆನ್ನಿಗೆ ನೆನಪು ಹೆಚ್ಚು.
ಬುಟ್ಟಿ ತಲೆಯ ಮೇಲಿರುವಾಗಲೇ ಸುಂಕ್ಲಮ್ಮನಿಗೆ ಬೇನೆ ಬಂತು.
ಸುಣ್ಣದ ಗೆರೆಯ ಮೇಲೇ ಕೂತಳು. ಏಳಲಿಲ್ಲ.
ನಾಲ್ಕು ಹೆಂಗಸರು ಸೀರೆ ಹಿಡಿದು ಗೋಡೆಯಾದರು.
ಗುದ್ದಲಿ ನಿಂತರೆ ಆ ದಿನದ ಕೂಲಿ ಹೋಗುತ್ತದೆ;
ಗಂಡಸರು ಸೀರೆಯ ಗೋಡೆಯನ್ನು ಬಳಸಿ ಅಗೆದರು.
ಸಂಜೆ ಓವರ್‌ಸಿಯರ್ ಸೈಕಲ್ಲಿನಿಂದ ಇಳಿದು, ಟೇಪು ಹಿಡಿದು,
ಬಯ್ಯಲು ಬಾಯಿ ತೆರೆದವ, ಕೂಸಿನ ದನಿ ಕೇಳಿ
ಪೆನ್ಸಿಲ್ ನೆಕ್ಕಿ "ಬಂಡೆ" ಎಂದು ಬರೆದುಕೊಂಡ.

ಆ ಬಂಡೆ ನಮ್ಮಪ್ಪ, ಅಂಬಣ್ಣ.

ಮೊದಲ ನೀರು ನಡೆಯುತ್ತ ಬಂದವಂತೆ,
ಅಂಬೆಗಾಲಿಗಿಂತ ತುಸು ಜೋರು.
ಮುಂದೆ ಕಸ, ಬುರುಗು, ಬಿಲ ಬಿಟ್ಟೋಡುವ ಚೇಳು, ಇಲಿ.
ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ಸುಂಕ್ಲಮ್ಮ ಕೂಗಿದಳು:
"ಬಂದಾವೋ, ನೀರು ಬಂದಾವು!"
ನಮ್ಮ ಕಡೆ ನೀರು ಯಾವಾಗಲೂ ಬಹುವಚನ;
ದನ ಬಂದಾವು, ಹಕ್ಕಿ ಬಂದಾವು, ನೀರು ಬಂದಾವು.
ಇಲಾಖೆಯ ಪುಸ್ತಕದಲ್ಲಿ ಅದೇ ದಿನ:
ನೀರು ಬಂದಿತು. ಗೇಜು ಒಂದಡಿ ಎರಡಂಗುಲ.

ಆಮೇಲೆ ಕ್ಯಾಂಪುಗಳು. ಗೋದಾವರಿ ಕಡೆಯಿಂದ ಲಾರಿ ತುಂಬ
ಹಂಡೆ, ಕೋಳಿಗೂಡು, ಭತ್ತದ ಬೀಜ.
ಬಿಳಿಜೋಳದ ಹೊಲ ಮೊಣಕಾಲುದ್ದ ಕೆಸರಾಯಿತು.
ಬಾಗಿನ ಕಲ್ಲಿಗೆ ಅವರು ಅರಿಶಿನ ಹಚ್ಚಿದರು,
ಸುಂಕ್ಲಮ್ಮ ಅಂದರೆ ದೇವಿಯೇ ಇರಬೇಕೆಂದು.
ಅಜ್ಜಿ ಇನ್ನೂ ಇದ್ದಳು. ದಂಡೆಯ ಮೇಲೆ ಎಲೆ ಜಗಿಯುತ್ತ
ತನ್ನ ಪಾಲಿನ ಕಾಯಿಹೋಳನ್ನು ನಾಚದೆ ಇಸಿದುಕೊಂಡಳು.

ಅಪ್ಪ ಸೌಡಿಯಾದ. ಮೂವತ್ತೊಂದು ವರ್ಷ
ತೂಬಿನ ಕೀಲಿ ಉಡಿದಾರಕ್ಕೆ.
ರಾತ್ರಿ ಯಾರೋ ದಂಡೆಗೆ ಪೈಪು ತೂರಿಸಿದರೆ
ತನ್ನ ಮೈಯೇ ತೂತಾದಂತೆ ಎಚ್ಚರಾಗುತ್ತಿದ್ದ.
ಮೇಲಿನವರು ಎರಡು ಬೆಳೆ ಉಂಡರು.
ಕೊನೆಯ ಫರ್ಲಾಂಗಿನಲ್ಲಿ ಜಾಲಿ ಬೆಳೆಯಿತು.
ನಡುವಿನ ಹೊಲಗಳಲ್ಲಿ ಸವುಳು ಎದ್ದು
ಎರೆ ಬೆಳ್ಳಗಾಯಿತು, ಹರೆಯದಲ್ಲೇ ನರೆತ ತಲೆಯ ಹಾಗೆ.

ಈಗ ಕೀಲಿ ನನ್ನದು. ಹೊರಗುತ್ತಿಗೆ; ಪಗಾರ ಮೂರು ತಿಂಗಳಿಗೊಮ್ಮೆ.
ದಿನಾ ಬೆಳಿಗ್ಗೆ ಗೇಜಿನ ಫೋಟೊ ಹೊಡೆದು ಗ್ರೂಪಿಗೆ ಹಾಕುತ್ತೇನೆ.
ಹೋದ ವರ್ಷ ಸಿಮೆಂಟು ಹಾಸಲು ಬಂದ ಎಂಜಿನಿಯರ್ ಹುಡುಗಿ
ಬಾಗಿನಲ್ಲಿ ನಿಂತು ಕೇಳಿದಳು: ಇದನ್ನು ನೆಟ್ಟಗೆ ಮಾಡಬಹುದಲ್ಲ?
ಬಂಡೆ ಇದೆ ಮೇಡಂ, ಅಂದೆ.
ಅವಳು ಬೂಟಿನಿಂದ ಕರಿಮಣ್ಣು ಕೆದರಿ, ನನ್ನ ಮುಖ ನೋಡಿ,
ಬರೆದುಕೊಂಡಳು.

ನಿನ್ನೆ ರಾತ್ರಿ ಎರಡಕ್ಕೆ ಕೊನೆಯ ತೂಬಿಗೆ ತಲುಪಿದವು.
ತಲುಪಿತು ಅನ್ನಬೇಕೇನೋ: ನಾಲಗೆಯಷ್ಟಗಲ, ಒಂದೇ ಒಂದು ನೀರು.
ಬ್ಯಾಟರಿ ಬೆಳಕಿನಲ್ಲಿ ಅದರ ಮುಂದೆ ಹಿಂದುಹಿಂದಕ್ಕೆ ನಡೆದೆ.
ಕೂಗಿದರೆ ಕೇಳಲು ಯಾರೂ ಎಚ್ಚರವಿರಲಿಲ್ಲ.
ಕೂಗಿದೆ.