ಜರಿಯ ನೊಣ

ಮಕ್ತುಮಸಾಬ ಬ್ಯಾಂಡಿನವರ ಅಂಗಿ ಹೊಲಿಯಾಂವ.
ಗಣೇಶಪೇಟಿ ಸಂದ್ಯಾಗ ಅಂವನ ಮಿಷನ್ನು,
ಕೆಂಪು ಬಟ್ಟಿ, ಹಿತ್ತಾಳಿ ಗುಂಡಿ, ಭುಜದ ಮ್ಯಾಲಿನ ಗೊಂಡೆ.
ಒಂದು ಗೇಣು ಅರಿವಿ ಕದ್ದವನಲ್ಲ;
ಚಿಂದೀನೂ ಗಂಟು ಕಟ್ಟಿ ವಾಪಸ್ ಕೊಡತಿದ್ದ.
ಜರಿಯ ತುದಿ ಮಾತ್ರ ಇಟಗೋತಿದ್ದ, ಕೇಳಿ.

ಶೆಡ್ಡಿನ ರೊಜಾರಿಯೊ ಫೋರ್ಮನ್
ಊರು ಬಿಡೂ ಮುಂದ ನನಗೊಂದು ಬಿಸ್ಕೀಟಿನ ಡಬ್ಬಿ ಕೊಟ್ಟಿದ್ದ.
ಒಳಗ ಹನ್ನೊಂದು ನೊಣ:
ಗರಿಯ ರೆಕ್ಕಿ, ರೇಷ್ಮಿ ಹೊಟ್ಟಿ, ಬಾಲದ ಕೆಳಗ ಗಾಳ.
ಎಂಟಕ್ಕ ನುಸಿ ಹತ್ತಿತ್ತು.
'ಹುಳಾನ ಹುಳ ತಿಂದೈತಲ್ಲೊ ಫಕ್ಕೀರಪ್ಪಾ'
ಅಂತ ನಕ್ಕ ಮಕ್ತುಮ ಒಂದನ್ನ ಬಿಚ್ಚಿದ,
ಎಳಿ ಎಳಿ, ಯಾರದೋ ಲಗ್ನದ ಅಂಗಿ ಬಿಚ್ಚಿದಂಗ,
ಮತ್ತ ಕಟ್ಟಿದ. ಮರುದಿನ ಇನ್ನೊಂದು.
ಹುಂಜದ ಕೊರಳಿನ ಗರಿ ಪ್ಯಾಟ್ಯಾಗ ಪುಕ್ಕಟ.

ಕೋಲು ನಂದು. ಕಲಘಟಗಿ ಬಿದಿರು, ಮೂರು ತುಂಡು,
ಕೂಡೂ ಜಾಗಾಕ್ಕ ಹಿತ್ತಾಳಿ ಕೊಳವಿ.
ಮೂವತ್ತೊಂದು ವರ್ಷ ಎಂಜಿನ್ನಿನ ಬೋಲ್ಟು ತಿರುವಿದ ಕೈಗೆ
ನೊಣದಷ್ಟು ಭಾರ ತೂಗೂದು ಕಲಿಸಲಿಕ್ಕೆ
ಒಂದು ಬ್ಯಾಸಿಗಿ ಹಿಡೀತು.

ಮುಂಡರಗಿ ಬಸ್ಸಿಳಿದು, ಟಂಟಂ ಹತ್ತಿ,
ಅದೂ ನಿಂತ ಮ್ಯಾಲೆ ನಡಕೋತ ಹೋದಿವಿ.
ಬೆನ್ನ ಹಿಂದ ಕಪ್ಪತಗುಡ್ಡ, ಗಾಳಿಪಂಕಾ ತಿರುಗಿಸಿಕೋತ,
ಮುಂದ ತುಂಗಭದ್ರಾ: ಮಾಘದ ಹೊಳಿ,
ಬಂಡಿಗಲ್ಲಿನ ನಡುವ ಸಣಕಲಾಗಿ, ತಳ ಕಾಣೂವಂಗ.
ಉಸುಕಿನ್ಯಾಗ ಕತ್ತೆಕಿರುಬದ ಹೆಜ್ಜಿ, ಹಸೀದು,
ನಾಕು ಬೆರಳು, ನೀರಿನತನಕ ಬಂದು
ಮುಂದ ಎಲ್ಲಿ ಹೋತೊ ಇಲ್ಲ.
ರಾತ್ರಿ ಇಬ್ಬರೂ ಆ ಹೆಜ್ಜಿ ಬಗ್ಗೆ ಮಾತಾಡಲಿಲ್ಲ,
ಬೆಂಕಿಗೆ ಮಾತ್ರ ಮತ್ತ ಮತ್ತ ಕಟಗಿ ಹಾಕಿದಿವಿ.

ಅಂಬಿಗೇರ ದ್ಯಾಮಣ್ಣ ಬಲಿ ಹೊತಗೊಂಡು ಬಂದು ನಿಂತ.
'ಮೀನ ನೀರಾಗದಾವರಿ. ನೀವು ಗಾಳ್ಯಾಗ ಹುಡುಕಾಕ ಹತ್ತೀರಿ.'
ಖರೇನ. ಹುರಿ ಹಿಂದ ಹೋಗಿ ಒಂದು ಗಳಿಗಿ ಬಿಚ್ಚಿಕೊಂಡು
ಮುಂದ ಬರತಿತ್ತು, ಮತ್ತ ಹಿಂದ.
ಮಕ್ತುಮ ಮುಗಲಿಗೆ ಕಚ್ಚಾ ಟಾಕಿ ಹಾಕಾವರಂಗ
ಮಣಕಾಲತನಕ ನೀರಾಗ ನಿಂತಿದ್ದ,
ಲುಂಗಿ ಮ್ಯಾಲೆ ಕಟ್ಟಿ, ನಾಲಿಗಿ ತುದಿ ಹಲ್ಲಾಗ ಹಿಡದು.

ಎರಡು ದಿನ. ಮೀನಗೋಳು ಬರತಿದ್ದು,
ಕೆಂಪು ರೆಕ್ಕಿಯವು, ತೋಳುದ್ದದವು,
ನೊಣದ ಕೆಳಗ ನಿಂತು ನೋಡತಿದ್ದು,
ಗಿರಾಕಿ ಅಂಗಿ ತಿರುವಿ ಒಳಹೊಲಿಗಿ ನೋಡಿದಂಗ.
ಸರಿಕಾಣದ ಹೋಗಿಬಿಡತಿದ್ದು.
'ಗೊತ್ತಾಗತೈತಿ ಅವಕ್ಕ' ಅಂದ. 'ಸುಳ್ಳ ಹೇಳಿ ರೂಢಿ ಇಲ್ಲ ನನ್ನ ಕೈಗೆ.'

ಮೂರನೇ ಸಂಜಿ ಬಿಸಿಲು ಬಂಡಿ ಮ್ಯಾಲಿಂದ ಇಳೀತಿತ್ತು.
ನೊಣ ಇನ್ನೂ ನೀರು ಮುಟ್ಟಿಲ್ಲ,
ಹುರಿ ಬಿಗೀತು. ಮ್ಯಾಲಕ.
ರೀಲು ಕರ್ರಂತು. ನಾ ನೀರು ನೋಡಿದೆ, ನೀರು ಸುಮ್ಮನಿತ್ತು.

ಅಂಬರಗುಬ್ಬಿ.

ನೊಣ ತಿಂದ ಬದುಕೂ ಜಾತಿ,
ಹುಟ್ಟಿದಾಗಿಂದ ಒಂದು ನೊಣಾನೂ ತಪ್ಪು ತಿಳದಿರಲಿಕ್ಕಿಲ್ಲ.
ಎಳಕೊಂಡಾಗ ಅಂಗೈಯೊಳಗ
ಮಿಷನ್ನಿನ ಪಾಯಿಟ್ಟಿನಂಗ ಅದರ ಎದಿ, ಟಕಟಕಟಕ.
ಮಕ್ತುಮ ಸೂಜಿ ಹಿಡಿಯೂ ಎರಡು ಬೆರಳಿಂದ
ಕೊಕ್ಕಿನ ಮೂಲಿಯಿಂದ ಗಾಳ ತಿರುವಿ ತಗದ.
ಹೆಬ್ಬೆರಳ ಮ್ಯಾಲೆ ಸಾಸಿವಿಕಾಳಿನಷ್ಟು ರಕ್ತ.
ಬಾಯಿ ತಗದು ಏನೋ ಅಂದ ಹಕ್ಕಿಗೆ, ಅಂವನ ಮನಿ ಮಾತಿನ್ಯಾಗ.
ಕೈ ಬಿಚ್ಚಿದ. ಅದು ಅಲ್ಲೇ ಕುಂತಿತ್ತು,
ನಾವು ಉಸಿರು ಹಿಡಿದು ಹತ್ತೆಣಿಸೂತನಕ.
ಹಾರಿದ್ದು ನನಗ ಕಾಣಲಿಲ್ಲ.

ನಗಬೇಕೊ ಅಳಬೇಕೊ ತಿಳೀಲಿಲ್ಲ ಇಬ್ಬರಿಗೂ.
ಅಂವನ ಮಾರಿ ನೋಡಿದೆ: ನಾಚಿಕಿ, ಹಿಂದಿಂದ
ಮುಚ್ಚಿಡಲಿಕ್ಕಾಗದ ಒಂದಿಷ್ಟು ಹೆಮ್ಮಿ.

ವಾಪಸ್ ಬರೂ ಬಸ್ಸಿನ್ಯಾಗ ಕಂಡಕ್ಟರು ಕೋಲು ನೋಡಿ
'ಎಷ್ಟು ಸಿಕ್ಕೂ ಸಾಬರ?' ಅಂದ.
'ಮ್ಯಾಲಿಂದು ಒಂದು.'
ಅಂವಗ ತಿಳೀಲಿಲ್ಲ, ಎರಡು ಟಿಕೀಟು ಹರದ.

ಈಗ ಐತವಾರಕ್ಕೊಮ್ಮೆ ಮಕ್ತುಮ ಡಬ್ಬಿ ತರತಾನ.
ಗಾಳದ ಹಿಂಮುಳ್ಳು ನಾ ಅರದಿಂದ ತಿಕ್ಕಿ ತಗೀತೀನಿ,
ಕರ್ ಕರ್, ಒಂದೊಂದೇ.
ಮೀನ ಹಿಡದರ ಜಾರತಾವ ಅಂತ ಹೇಳೇನಿ.
ಜಾರ್ಲಿ ಅಂತಾನ, ದಾರಕ್ಕ ಮೇಣ ಸವರಕೋತ.